ಗುಬ್ಬಿಯ ಆ ಕಂಪ್ಯೂಟರನ್ನು ನಾನು ಫಾರ್ಮ್ಯಾಟ್ ಮಾಡಲಿಲ್ಲ

೨೦೦೪ರಲ್ಲಿ ನಾನು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಡಿಪ್ಲೊಮಾ ಮುಗಿಸಿ ಸೇರಿ ಐದು ವರ್ಷವಾಗಿತ್ತು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಿಗೆ ಹೋಗಿ ಕೆಟ್ಟ ಕಂಪ್ಯೂಟರ್ ಸರಿಪಡಿಸುವುದು ನನ್ನ ಪಾಲಿನ ಕೆಲಸ. ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು, ಮನೆ ಹುಡುಕಿ ಬೆಲ್ ಒತ್ತಿದರೆ, ಬಾಗಿಲು ತೆರೆದವರು ಹೆಂಗಸೊಬ್ಬಳನ್ನು ಕಂಡು ನನ್ನ ಹಿಂದೆ ಇಣುಕಿ ನೋಡುತ್ತಿದ್ದರು. ಎಂಜಿನಿಯರ್ ಎಲ್ಲಿ ಎಂದು ಕೇಳುತ್ತಿದ್ದರು. ನಾನೇ ಎಂದರೆ ಮೇಲಿಂದ ಕೆಳಗೆ ನನ್ನನ್ನೊಮ್ಮೆ ನೋಡಿ, ಆಮೇಲೆ ಕಾಫಿ ಕುಡೀತೀರಾ ಎನ್ನುತ್ತಿದ್ದರು. ಮೊದಲೆರಡು ವರ್ಷ ಇದಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ಕಾಫಿ ಕುಡಿಯುವುದನ್ನು ಕಲಿತೆ.

ಆ ಹೊತ್ತಿಗೆ ಊರುಗಳಲ್ಲಿ ಮನೆ ಮನೆಗೂ ಇಂಟರ್‌ನೆಟ್ ಬರತೊಡಗಿತ್ತು. ಈಗಿನಂತಲ್ಲ. ಟೆಲಿಫೋನ್ ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ, ಅದು ಕಿರುಗುಟ್ಟಿ ಮುಗಿಯುವ ತನಕ ಕಾಯಬೇಕಿತ್ತು. ಅದರ ಜೊತೆಗೇ ಒಂದು ಹೊಸ ಪೀಡೆಯೂ ಬಂದಿತ್ತು. ನಾವು ಕೇಳಿದ ಪುಟ ಬಿಟ್ಟು ತನಗೆ ಬೇಕಾದ ಪುಟವನ್ನೇ ತೆರೆಯುವ ಹಾಗೆ ಬ್ರೌಸರನ್ನು ವಶಪಡಿಸಿಕೊಳ್ಳುವ ಪ್ರೋಗ್ರಾಮು ಅದು. ಹೆಸರು ಬ್ರೌಸರ್ ಹೈಜಾಕರ್. ಅದರ ಬೆನ್ನಿಗೇ ಸ್ಪೈವೇರ್ ಬರುತ್ತಿತ್ತು. ನಾವು ಯಾವ ಯಾವ ಪುಟ ನೋಡುತ್ತೇವೆ ಎಂದು ಕದ್ದು ನೋಡಿ ಯಾರಿಗೋ ವರದಿ ಒಪ್ಪಿಸುವುದು ಅದರ ಕೆಲಸ. ಇವೆರಡೂ ಸೇರಿದ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ತೆರೆದರೆ ಸಾಕು, ಸಂಸಾರಸ್ಥರು ನೋಡಬಾರದ ಚಿತ್ರಗಳು ಒಂದರ ಮೇಲೊಂದು ಏಳುತ್ತಿದ್ದವು.

ನಮ್ಮ ಅಂಗಡಿಯಲ್ಲಿ ಇದಕ್ಕೆ ಒಂದೇ ಮದ್ದು, ಫಾರ್ಮ್ಯಾಟ್. ಹಾರ್ಡ್ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ತುಂಬುವುದು. ಒಂದೂವರೆ ಗಂಟೆಯ ಕೆಲಸ, ತಲೆ ಉಪಯೋಗಿಸಬೇಕಾಗಿಲ್ಲ. ನಾನೂ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡುತ್ತಿದ್ದೆ.

ಮಳೆಗಾಲದ ಒಂದು ಶನಿವಾರ ಗುಬ್ಬಿಯಿಂದ ಕರೆ ಬಂತು. ಕರೆದವರು ಗಂಗಾಧರಯ್ಯ, ಹೈಸ್ಕೂಲ್ ಮೇಷ್ಟ್ರು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವರ ಮನೆ ತಲುಪಿದೆ. ಬೆಳಗಿನ ಶಾಲೆ ಮುಗಿಸಿ ಅವರೂ ಆಗ ತಾನೇ ಬಂದಿದ್ದರು. ನಡುಮನೆಯ ಮೂಲೆಯಲ್ಲಿ ಮೇಜು, ಅದರ ಮೇಲೆ ಕಸೂತಿ ಬಟ್ಟೆ ಹೊದ್ದುಕೊಂಡ ಕಂಪ್ಯೂಟರ್. ಆಯುಧಪೂಜೆಗೆ ಇಟ್ಟ ಕುಂಕುಮ ಕ್ಯಾಬಿನೆಟ್ಟಿನ ಮೇಲೆ ಇನ್ನೂ ಹಾಗೇ ಇತ್ತು. ಮೇಷ್ಟ್ರು ನನ್ನ ಮುಖ ನೋಡದೆ, ಎಲ್ಲ ಅಳಿಸಿಬಿಡಿ, ಏನೇನಿದೆಯೋ ನೋಡುವುದೂ ಬೇಡ ಎಂದರು. ಅಷ್ಟು ಹೇಳಿ ಅಂಗಳಕ್ಕೆ ಹೋಗಿ ನಿಂತರು.

ನಾನು ಬಟ್ಟೆ ತೆಗೆದು ಪವರ್ ಒತ್ತಿದೆ. ಬ್ಯಾಗಿನಿಂದ ಸಿ.ಡಿ. ತೆಗೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಒಬ್ಬ ಹುಡುಗಿ ಬಂದು ಮೇಜಿನ ಪಕ್ಕ ನಿಂತಳು. ಇಪ್ಪತ್ತರ ಪ್ರಾಯ, ಹೆಸರು ರೇಣುಕಾ, ಮೇಷ್ಟ್ರ ಒಬ್ಬಳೇ ಮಗಳು. ತುಮಕೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ.

"ಫಾರ್ಮ್ಯಾಟ್ ಮಾಡ್ಬೇಡಿ ಮೇಡಮ್," ಅಂದಳು. "ಅಳಿಸ್ಬಿಟ್ರೆ ನಾನೇ ಮಾಡಿದ್ದು ಅಂತ ಆಗೋಗುತ್ತೆ."

ಅಳುತ್ತಿರಲಿಲ್ಲ. ಅತ್ತು ಮುಗಿದಿದ್ದ ಮುಖವೂ ಅಲ್ಲ ಅದು. ಕೋಪದಲ್ಲಿದ್ದಳು. ಐದು ವರ್ಷದಲ್ಲಿ ನನ್ನನ್ನು ಹಾಗೆ ತಡೆದ ಗಿರಾಕಿ ಯಾರೂ ಇರಲಿಲ್ಲ. ಸಿ.ಡಿ. ಕೆಳಗಿಟ್ಟು, ಏನಾಯಿತು ಹೇಳು ಎಂದೆ.

ಆದದ್ದು ಇಷ್ಟು. ಹನ್ನೆರಡು ದಿನದ ಹಿಂದೆ ಹೆಬ್ಬೂರಿನ ನೆಂಟರು ಬಂದಿದ್ದರು. ಅವರ ಮಗನಿಗೆ ಯಾವ ಕಾಲೇಜಿನಲ್ಲಿ ಯಾವ ಕೋರ್ಸ್ ಇದೆ ಎಂದು ನೋಡಿಕೊಡಲು ರೇಣುಕಾ ಇಂಟರ್‌ನೆಟ್ ತೆರೆದಳು. ಕಾಲೇಜಿನ ಪುಟದ ಬದಲು ಆ ಚಿತ್ರಗಳು ಎದ್ದವು. ಒಂದನ್ನು ಮುಚ್ಚಿದರೆ ಮೂರು. ಗಾಬರಿಯಲ್ಲಿ ಅವಳು ಒತ್ತಿದ್ದೆಲ್ಲ ತಪ್ಪಾಗಿ, ಕೊನೆಗೆ ಬ್ರೌಸರಿನ ಫೇವರಿಟ್ಸ್ ಪಟ್ಟಿ ತೆರೆದುಕೊಂಡಿತು. ನಮಗೆ ಮತ್ತೆ ಬೇಕಾಗುವ ಪುಟಗಳ ವಿಳಾಸ ಉಳಿಸಿಡುವ ಜಾಗ ಅದು. ಹೈಜಾಕರ್‌ಗಳು ತಮ್ಮ ಹೊಲಸು ವಿಳಾಸಗಳನ್ನು ತಾವೇ ಅಲ್ಲಿ ತುಂಬುತ್ತವೆ ಎಂದು ಆ ಮನೆಯಲ್ಲಿ ಯಾರಿಗೆ ಗೊತ್ತು? ನೆಂಟರ ಪೈಕಿ ಇಂಗ್ಲಿಷ್ ಬಲ್ಲ ಒಬ್ಬರು, ಇವು ಇಷ್ಟಪಟ್ಟು ಇಟ್ಟುಕೊಂಡವು ಎಂದು ಅರ್ಥ ಬಿಡಿಸಿ ಹೇಳಿದರಂತೆ.

ಮನೆಯ ಹಿರಿಯರು ಮೇಷ್ಟ್ರ ಅಣ್ಣ ಮಹಾಲಿಂಗಯ್ಯ. ಕೊಬ್ಬರಿ ಮಂಡಿ ಇಟ್ಟವರು, ಹೆಂಡತಿ ತೀರಿಹೋದ ಮೇಲೆ ತಮ್ಮನ ಸಂಸಾರವನ್ನೇ ತಮ್ಮದು ಮಾಡಿಕೊಂಡವರು. ಅವರ ಮಾತಿಗೆ ಮೇಷ್ಟ್ರು ಎದುರಾಡಿದ್ದಿಲ್ಲ. ಕಂಪ್ಯೂಟರ್ ಮುಟ್ಟುವವಳು ಈ ಮನೆಯಲ್ಲಿ ಇವಳೊಬ್ಬಳೇ, ಓದಿದ್ದು ಸಾಕು ಎಂದು ಅವರು ನೆಂಟರ ಎದುರಿಗೇ ತೀರ್ಪು ಕೊಟ್ಟರು. ಬೇಕಾದರೆ ದೇವರ ಮುಂದೆ ತಪ್ಪಾಯ್ತು ಎಂದು ಹೇಳಿ ದೀಪ ಮುಟ್ಟಲಿ, ಆಮೇಲೆ ಕಾಲೇಜಿನ ಮಾತು ಎಂದರು. ರೇಣುಕಾ ಒಪ್ಪಲಿಲ್ಲ. ಮಾಡದ ತಪ್ಪನ್ನು ದೇವರ ಮುಂದೆ ನಿಂತು ಮಾಡಿದೆ ಎನ್ನುವುದು ಹೇಗೆ ಎಂದು ಕೇಳಿದಳು. ಹನ್ನೆರಡು ದಿನದಿಂದ ಮನೆಯಲ್ಲೇ ಇದ್ದಳು. ಪರೀಕ್ಷೆಯ ಅರ್ಜಿ ಕಟ್ಟಲು ಸೋಮವಾರ ಕೊನೆಯ ದಿನ.

ಅಂದರೆ ನನ್ನ ಕೈಯಲ್ಲಿದ್ದುದು ಬರೀ ಕಂಪ್ಯೂಟರ್ ಅಲ್ಲ, ಆ ಹುಡುಗಿಯ ಹೆಸರು ಮತ್ತು ಅವಳ ಮೂರು ವರ್ಷದ ಓದು. ಆ ಸಿ.ಡಿ. ಹಾಕಿ ಒಂದು ಗುಂಡಿ ಒತ್ತಿದ್ದರೆ ಎರಡೂ ಮುಗಿದುಹೋಗುತ್ತಿದ್ದವು.

ಮೊದಲು ಹೊಳೆದದ್ದು ತಾರೀಖು. ಪ್ರತಿ ಫೈಲಿಗೂ ಅದು ಹುಟ್ಟಿದ ದಿನ, ಹೊತ್ತು ದಾಖಲಾಗಿರುತ್ತದೆ. ರೇಣುಕಾ ಕಾಲೇಜಿನಲ್ಲಿದ್ದ ಹೊತ್ತಿನಲ್ಲಿ ಹುಟ್ಟಿದ ಒಂದು ಫೈಲ್ ಸಿಕ್ಕರೂ ಸಾಕಿತ್ತು. ತೆರೆದು ನೋಡಿದರೆ ಎಲ್ಲದಕ್ಕೂ ಒಂದೇ ತಾರೀಖು, ೨೦೦೨ರ ಜನವರಿ ಒಂದು. ಆಗ ಈ ಕಂಪ್ಯೂಟರ್ ಆ ಮನೆಗೆ ಬಂದೇ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ಎಂಟಾಣೆ ಅಗಲದ ಒಂದು ಬ್ಯಾಟರಿ ಇರುತ್ತದೆ, ಕರೆಂಟು ಇಲ್ಲದಾಗಲೂ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸತ್ತು ಎಷ್ಟು ಕಾಲವಾಗಿತ್ತೋ. ಗುಬ್ಬಿಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಈ ಕಂಪ್ಯೂಟರ್ ಹೊಸ ವರ್ಷ ಆಚರಿಸುತ್ತಿತ್ತು. ಆ ಸಾಕ್ಷಿ ಅಲ್ಲಿಗೆ ಹೋಯಿತು.

ಅಷ್ಟರಲ್ಲಿ ಮನೆಯ ಫೋನಿಗೆ ನಮ್ಮ ಮಾಲೀಕರ ಕರೆ. ಇನ್ನೂ ಯಾಕೆ ಬಂದಿಲ್ಲ, ಫಾರ್ಮ್ಯಾಟ್ ಹೊಡೆದು ಬಾ, ಹಿರೇಹಳ್ಳಿಯ ಫ್ಯಾಕ್ಟರಿಯವರು ಕಾಯುತ್ತಿದ್ದಾರೆ ಎಂದರು. ಈ ಮನೆಯದು ಫಾರ್ಮ್ಯಾಟ್ ಮಾಡುವುದಿಲ್ಲ ಸಾರ್ ಎಂದೆ. ಯಾಕೆ ಎಂದರು. ವಿವರಿಸಿದರೆ ಅವರಿಗೆ ಅರ್ಥವಾಗುವುದಿಲ್ಲ ಎಂದು ಗೊತ್ತಿತ್ತು, ಹಾಗಾಗಿ ಮಾಡುವುದಿಲ್ಲ ಎಂದಷ್ಟೇ ಮತ್ತೊಮ್ಮೆ ಹೇಳಿ ಫೋನಿಟ್ಟೆ. ಕೆಲಸ ಹೋದೀತೆಂದು ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ವಾಪಸು ಬಂದು ಕುಳಿತರೆ ಮೌಸ್ ಸರಿಯಾಗಿ ಓಡುತ್ತಿರಲಿಲ್ಲ. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತು. ಅದರ ಸುತ್ತಲಿನ ಸಣ್ಣ ಉರುಳೆಗಳಿಗೆ ಕೊಳೆ ಕಟ್ಟಿದರೆ ಬಾಣದ ಗುರುತು ಕುಂಟುತ್ತದೆ. ಅಭ್ಯಾಸಬಲದಿಂದ ತಿರುಗಿಸಿ, ಮುಚ್ಚಳ ಬಿಚ್ಚಿ, ಉಗುರಿನಿಂದ ಕೆರೆದೆ. ಬೇರೆ ಮನೆಗಳಲ್ಲಿ ಅಲ್ಲಿ ಸಿಗುವುದು ಕಪ್ಪು ಜಿಡ್ಡು. ಇಲ್ಲಿ ಬೆರಳಿಗೆ ಹತ್ತಿದ್ದು ಬಿಳಿ ಬೂದು ಪುಡಿ. ಮೂಸಿ ನೋಡಿದೆ. ವಿಭೂತಿ.

ರೇಣುಕಾಳ ತಾಯಿಯನ್ನು ಕರೆದು, ಪೂಜೆ ಮುಗಿಸಿ ಯಾರಾದರೂ ಕಂಪ್ಯೂಟರ್ ಮುಂದೆ ಕೂರುತ್ತಾರಾ ಎಂದು ಕೇಳಿದೆ. ಇಲ್ಲಮ್ಮ, ಅದನ್ನು ಮುಟ್ಟುವವಳು ಇವಳೊಬ್ಬಳೇ ಎಂದರು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ರೇಣುಕಾಳೂ ಯೋಚಿಸಿ ಯಾರೂ ಇಲ್ಲ ಎಂದಳು. ತಾನು ಬೆಳಿಗ್ಗೆ ಏಳೂವರೆಯ ರೈಲಿಗೇ ಹೊರಟುಬಿಡುತ್ತಿದ್ದೆ, ಆಮೇಲಿನದು ತನಗೆ ಗೊತ್ತಿಲ್ಲ, ಈ ಹನ್ನೆರಡು ದಿನವೂ ಬೆಳಿಗ್ಗೆ ನಡುಮನೆಗೆ ಬಂದಿಲ್ಲ ಎಂದಳು. ಆಗ ತಾಯಿ, ಏನೋ ನೆನಪಾದವರಂತೆ, ಭಾವನವರು ಪೂಜೆ ಮುಗಿಸಿ ಒಂದು ಹತ್ತು ನಿಮಿಷ ದರ್ಶನ ಮಾಡುತ್ತಾರಷ್ಟೆ ಎಂದರು. ಎಲ್ಲಿ ದರ್ಶನ ಎಂದೆ. ಅದರಲ್ಲೇ, ಎಂದು ಕಂಪ್ಯೂಟರ್ ಕಡೆ ಕೈ ತೋರಿಸಿದರು.

ಆ ಮನೆಯಲ್ಲಿ ಯಾರೂ ದರ್ಶನವನ್ನು ಕಂಪ್ಯೂಟರ್ ಮುಟ್ಟುವುದು ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಡಿಯಬೇಕು ಎಂದು ಅವರಿಗೆ ತೋಚಿಯೂ ಇರಲಿಲ್ಲ.

ಆದರೆ ತಾಯಿಯ ಬಾಯಿಮಾತು ಹಿಡಿದುಕೊಂಡು ಹಿರಿಯರ ಮೇಲೆ ಹೋದರೆ ನಡೆಯುತ್ತದೆಯೇ? ಫೇವರಿಟ್ಸ್ ಪಟ್ಟಿಯಲ್ಲಿದ್ದ ಕೆಟ್ಟ ವಿಳಾಸಗಳನ್ನು ಎಣಿಸಿದೆ. ನಲವತ್ತಮೂರು. ಒಂದು ಹಾಳೆಯಲ್ಲಿ ಅಷ್ಟನ್ನೂ ಬರೆದೆ. ಅಂಗಳದಲ್ಲಿದ್ದ ಮೇಷ್ಟ್ರನ್ನು ಕರೆದು, ಇಲ್ಲಿರುವುದು ನಲವತ್ತಮೂರು, ನೀವೇ ಎಣಿಸಿ ಸಹಿ ಹಾಕಿ ಎಂದೆ. ಮಗಳಿಗೆ ಸಂಬಂಧಿಸಿದ್ದನ್ನು ನೋಡಲು ಅವರಿಗೆ ಮುಜುಗರ. ನೋಡಲೇಬೇಕು ಎಂದೆ. ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆಗೆ ಸಹಿ ಹಾಕಿದಂತೆ ಹೊತ್ತು, ತಾರೀಖು ಬರೆದು ಸಹಿ ಹಾಕಿದರು. ಏನನ್ನೂ ಅಳಿಸದೆ, ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯ ತನಕ ರೇಣುಕಾ ಇದರ ಹತ್ತಿರ ಸುಳಿಯಬಾರದು, ನಿಮ್ಮ ಅಣ್ಣನವರು ಮಂಡಿಯಿಂದ ಬಂದರೆ ಈಗಲೇ ಏನೂ ಹೇಳಬೇಡಿ ಎಂದು ಹೊರಟೆ.

ಮರುದಿನ ಭಾನುವಾರ, ನನ್ನ ರಜೆ. ಮೊದಲ ಬಸ್ಸು ಹಿಡಿದು ಎಂಟಕ್ಕೆ ಮುಂಚೆ ಗುಬ್ಬಿಯಲ್ಲಿದ್ದೆ. ಮಹಾಲಿಂಗಯ್ಯನವರು ಪೂಜೆ ಮುಗಿಸಿ ಹೊರಗೆ ಬಂದರು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿ ವಸ್ತ್ರ. ನನ್ನನ್ನು ಕಂಡು, ಇನ್ನೂ ಆಗಲಿಲ್ಲವೇ ರಿಪೇರಿ ಎಂದರು. ಆಗಿಲ್ಲ, ನಿಮ್ಮ ದರ್ಶನ ಮುಗಿಯಲಿ ಎಂದು ಕಾಯುತ್ತಿದ್ದೇನೆ ಎಂದೆ. ಅವರಿಗೆ ಸಂತೋಷವಾಯಿತು. ದೇವರ ಕೆಲಸಕ್ಕೆ ಕಾಯುವ ಈ ಕಾಲದ ಹುಡುಗಿ ಎಂದುಕೊಂಡರೋ ಏನೋ.

ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಪರದೆಯ ಮೇಲಿನ ಒಂದು ಚಿತ್ರವನ್ನು ಎರಡು ಸಲ ಒತ್ತಿದರು. ನೆಂಟರು ಬರುವುದಕ್ಕೆ ಕೆಲವೇ ದಿನ ಮೊದಲು ತುಮಕೂರಿನಿಂದ ಬಂದಿದ್ದ ಪರಿಚಯದವರೊಬ್ಬರು ಅದನ್ನು ಹಾಕಿಕೊಟ್ಟಿದ್ದರಂತೆ. ಮೋಡೆಮ್ ಕಿರುಗುಟ್ಟಿತು. ಅವರು ಕೈ ಮುಗಿದು ಕಾದರು. ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಶಿವಲಿಂಗದ ಚಿತ್ರ ಇಳಿಯಿತು. ಮೌಸ್ ಒತ್ತಿದರೆ ಲಿಂಗದ ಮೇಲೆ ಒಂದು ಬಿಲ್ವಪತ್ರೆ ಬೀಳುತ್ತಿತ್ತು, ಗಂಟೆಯ ಸದ್ದಾಗುತ್ತಿತ್ತು. ಐದು ಪತ್ರೆ ಏರಿಸಿದರು. ಆರನೆಯದಕ್ಕೆ ಚಿತ್ರದ ನಡುವೆ ಒಂದು ಬೂದು ಚೌಕ ಎದ್ದಿತು. ಈ ಪ್ರೋಗ್ರಾಮನ್ನು ಇನ್‌ಸ್ಟಾಲ್ ಮಾಡಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೆಳಗೆ ಯೆಸ್ ಮತ್ತು ನೋ ಎಂಬ ಎರಡು ಗುಂಡಿ. ಮಹಾಲಿಂಗಯ್ಯನವರು ಒಂದು ಕ್ಷಣವೂ ತಡೆಯದೆ ಯೆಸ್ ಒತ್ತಿದರು. ಮತ್ತೊಂದು ಚೌಕ ಎದ್ದಿತು. ಅದಕ್ಕೂ ಯೆಸ್.

ಅದೇನು ಕೇಳುತ್ತದೆ ಗೊತ್ತೇ ಎಂದು ವಿಚಾರಿಸಿದೆ. ಇಂಗ್ಲಿಷ್ ಬಾರದು, ಆದರೆ ಒಂದು ಗುಂಡಿ ಹೂಂ ಅನ್ನಲು, ಇನ್ನೊಂದು ಬೇಡ ಅನ್ನಲು ಎಂದು ಗೊತ್ತು ಎಂದರು. ಹಾಗಾದರೆ ಯಾವತ್ತಾದರೂ ಬೇಡ ಒತ್ತಿದ್ದೀರಾ ಎಂದೆ. ಅವರು ನನ್ನನ್ನು ತಿರುಗಿ ನೋಡಿದರು.

"ದೇವ್ರು ಎದುರುಗಡೆ ಕೂತಿರೋವಾಗ ಬೇಡ ಅಂತ ಒತ್ತೋದು ಹೆಂಗಮ್ಮ?"

ಅವರ ಭಕ್ತಿಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಆ ಜಾಲತಾಣ ಮಾಡಿದ ಕಳ್ಳರಿಗೆ ಅದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ದರ್ಶನದ ಹೊತ್ತಿನಲ್ಲಿ ಮಾತ್ರ ಆ ಚಿತ್ರಗಳು ಏಳದಂತೆ ಮಾಡಿದ್ದರು. ನನ್ನ ಸಿಟ್ಟೆಲ್ಲ ಅವರ ಮೇಲೆ. ದೇವರ ಚಿತ್ರವನ್ನು ಮುಂದಿಟ್ಟು ಅದರ ಹಿಂದೆ ಹೊಲಸನ್ನು ಅಡಗಿಸಿ ಮನೆಯೊಳಗೆ ನುಗ್ಗಿಸುವವರಿಗೆ ಏನೆನ್ನಬೇಕು? ಈ ವಯಸ್ಸಿಗೂ ನನಗೆ ಅವರ ಮೇಲೆ ಕನಿಕರ ಬಂದಿಲ್ಲ.

ನಾನು ಮನೆಯವರನ್ನೆಲ್ಲ ಕರೆದೆ. ಮೇಷ್ಟ್ರು, ಅವರ ಹೆಂಡತಿ, ರೇಣುಕಾ ಬಂದು ನಿಂತರು. ಫೇವರಿಟ್ಸ್ ಪಟ್ಟಿ ತೆರೆದು, ನಿನ್ನೆಯ ಹಾಳೆಯನ್ನು ಮೇಷ್ಟ್ರ ಕೈಗೆ ಕೊಟ್ಟು ಎಣಿಸಿ ಎಂದೆ. ಅವರು ಬೆರಳಿಟ್ಟು ಎಣಿಸಿದರು. ಐವತ್ತೆರಡು. ಇನ್ನೊಮ್ಮೆ ಎಣಿಸಿದರು. ಐವತ್ತೆರಡೇ. ನಿನ್ನೆ ಮಧ್ಯಾಹ್ನದಿಂದ ಈ ಕುರ್ಚಿಯಲ್ಲಿ ಕುಳಿತವರು ಯಾರು ಯಾರು ಎಂದು ಕೇಳಿದೆ. ಎಲ್ಲರ ಕಣ್ಣೂ ಹಿರಿಯರ ಕಡೆ ತಿರುಗಿತು. ಈ ಒಂಬತ್ತು ಹೊಸದು ಬಂದದ್ದು ಈಗ ಒತ್ತಿದ ಎರಡು ಯೆಸ್‌ನಿಂದ, ಮೊದಲಿನ ನಲವತ್ತಮೂರು ಬಂದದ್ದೂ ಇದೇ ದಾರಿಯಲ್ಲಿ ಎಂದು ಹೇಳಿದೆ.

ಮಹಾಲಿಂಗಯ್ಯನವರು ಸುಲಭಕ್ಕೆ ಒಪ್ಪುವವರಲ್ಲ. ನಿಮ್ಮ ಕೆಲಸ ಮಿಷನ್ನು ರಿಪೇರಿ, ಮನೆಯ ವಿಚಾರ ನಿಮಗೆ ಯಾಕೆ ಎಂದರು. ನಾನು ವಾದಿಸಲಿಲ್ಲ. ಮತ್ತೆ ಆ ಚಿತ್ರ ತೆರೆದು ಪತ್ರೆ ಏರಿಸುತ್ತಾ ಹೋಗಿ, ಬೂದು ಚೌಕ ಎದ್ದಾಗ ನಾನೇ ನೋ ಒತ್ತಿದೆ. ಪಟ್ಟಿ ಐವತ್ತೆರಡರಲ್ಲೇ ನಿಂತಿತು. ಇನ್ನೊಮ್ಮೆ ಎದ್ದಾಗ ಯೆಸ್ ಒತ್ತಿದೆ. ಐವತ್ತೇಳಾಯಿತು. ಮೇಷ್ಟ್ರು ಪ್ರತಿ ಸಲವೂ ಎಣಿಸಿ ಹಾಳೆಯಲ್ಲಿ ಬರೆದರು. ಕೊನೆಯ ಸಲ ಬರೆದಾದ ಮೇಲೆ ಪೆನ್ನಿನ ಕ್ಯಾಪ್ ಹಾಕಿ, ನನ್ನ ಜೀವಮಾನದಲ್ಲಿ ಮೊದಲ ಸಲ ಹೇಳುತ್ತಿದ್ದೇನೆ ಅಣ್ಣ, ನೀವು ತಪ್ಪು ಮಾಡಿದಿರಿ, ನಾನು ಸುಮ್ಮನಿದ್ದು ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ ಎಂದರು. ಮೆಲ್ಲಗೇ ಹೇಳಿದರು, ಆದರೆ ಹೇಳಿದರು.

ಹಿರಿಯರು ಮೌಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು, ನಾಳೆ ಹೋಗಿ ಅರ್ಜಿ ಕಟ್ಟು, ಆಗಿದ್ದಾಯ್ತು ಬುಡು ಎಂದರು. ತಾಯಿಗೆ ಅಷ್ಟೇ ಸಾಕಾಗಿತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಕಾಫಿ ತರಲು ಹೊರಟರು. ನನಗೂ ಸಾಕು ಅನ್ನಿಸಿತ್ತು. ಸಾಕಾಗದಿದ್ದುದು ರೇಣುಕಾಳಿಗೆ.

"ಆಗಿದ್ದಾಯ್ತು ಅಂದ್ರೆ ಆಗಲ್ಲ ದೊಡ್ಡಪ್ಪ," ಅಂದಳು. "ಅವತ್ತು ಯಾರ್ ಮುಂದೆ ಹೇಳಿದ್ರೋ ಅವರಿಗೇನೇ ಹೇಳಿ. ಇಲ್ಲದಿದ್ರೆ ನಾನು ಅರ್ಜೀನೂ ಕಟ್ಟಲ್ಲ."

ತಾಯಿ ಹೌಹಾರಿ ಅವಳ ಕೈ ಹಿಡಿದೆಳೆದರು. ಅವಳು ಕದಲಲಿಲ್ಲ. ಹನ್ನೆರಡು ದಿನ ಮನೆಯಲ್ಲಿ ಕೂಡಿಹಾಕಿದ ಹುಡುಗಿ, ಕಳೆದುಕೊಳ್ಳುವುದಕ್ಕೆ ಒಂದು ವರ್ಷವಿದ್ದ ಹುಡುಗಿ, ಅದನ್ನೇ ಪಣಕ್ಕಿಟ್ಟು ನಿಂತಿದ್ದಳು. ಮಾಲೀಕರಿಗೆ ಫೋನಿನಲ್ಲಿ ಒಂದು ಇಲ್ಲ ಹೇಳಿದ್ದಕ್ಕೇ ನಾನು ಅಷ್ಟು ಹೆದರಿದ್ದೆ ಎಂಬುದು ನೆನಪಾಗಿ ನಾಚಿಕೆಯಾಯಿತು.

ಮಹಾಲಿಂಗಯ್ಯನವರು ಫೋನಿನ ಕಡೆ ನಡೆದರು. ರಿಸೀವರ್ ಎತ್ತಿದರೆ ಸದ್ದಿಲ್ಲ, ಲೈನು ಇನ್ನೂ ಮೋಡೆಮ್‌ನಲ್ಲಿತ್ತು. ನಾನು ಹೋಗಿ ತಂತಿ ಕಿತ್ತು ಫೋನಿಗೆ ಸಿಕ್ಕಿಸಿಕೊಟ್ಟೆ. ಹೆಬ್ಬೂರಿನ ನಂಬರನ್ನು ಅವರೇ ಒತ್ತಿದರು. ಕ್ಷೇಮಸಮಾಚಾರದ ಮಾತು ಎರಡೇ ಎರಡು. ಆಮೇಲೆ, "ಅವತ್ತು ಹುಡುಗಿ ಮೇಲೆ ಹೇಳಿದ್ದು ಸುಳ್ಳು ಕಣಪ್ಪ. ಅದು ಬಂದಿದ್ದು ನನ್ನ ಕೈಯಿಂದ. ನಿಮ್ಮನೇಲಿ ಎಲ್ರಿಗೂ ಹೇಳು," ಅಂದರು. ಆ ಕಡೆಯಿಂದ ಏನೋ ಸಮಾಧಾನ ಹೇಳಿರಬೇಕು. ಇಲ್ಲ, ಎಲ್ಲರಿಗೂ ಹೇಳು ಎಂದು ಮತ್ತೊಮ್ಮೆ ಒತ್ತಿ ಹೇಳಿ ಫೋನಿಟ್ಟು, ವಸ್ತ್ರ ಸರಿಪಡಿಸಿಕೊಂಡು ಒಳಗೆ ಹೋದರು. ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗ.

ಮಿಕ್ಕ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಆ ಹೈಜಾಕರ್ ಎರಡು ಪ್ರೋಗ್ರಾಮುಗಳಾಗಿ ಓಡುತ್ತಿತ್ತು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಅದನ್ನು ಎಬ್ಬಿಸುತ್ತಿತ್ತು. ಅತಿ ಅಗತ್ಯವಾದ ಪ್ರೋಗ್ರಾಮುಗಳನ್ನಷ್ಟೇ ಓಡಿಸುವ ಸೇಫ್ ಮೋಡಿನಲ್ಲಿ ಕಂಪ್ಯೂಟರ್ ತೆರೆದು ಎರಡನ್ನೂ ಒಟ್ಟಿಗೆ ಅಳಿಸಿದೆ. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅವು ಬಿಟ್ಟುಹೋಗಿದ್ದ ಬೇರುಗಳನ್ನು ಕಿತ್ತೆ, ಹೊಸ ಬ್ಯಾಟರಿ ಹಾಕಿದೆ. ರೇಣುಕಾ ಪಕ್ಕದಲ್ಲೇ ಕುಳಿತು ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ತಾಣಕ್ಕೆ ಇನ್ನು ಹೋಗಬೇಡಿ ಎಂದು ಹಿರಿಯರಿಗೂ ಹೇಳಿ, ಒಳ್ಳೆಯ ಒಂದು ಲಿಂಗದ ಚಿತ್ರವನ್ನು ಪರದೆಗೆ ಹಾಕಿಕೊಟ್ಟೆ. ಅದು ಏನನ್ನೂ ಕೇಳುವುದಿಲ್ಲವಲ್ಲ ಎಂದು ಅವರು ಎರಡು ಸಲ ಖಾತ್ರಿ ಮಾಡಿಕೊಂಡರು. ಸೋಮವಾರ ರೇಣುಕಾ ಅರ್ಜಿ ಕಟ್ಟಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬೀಗುತ್ತಾ ಹೇಳಿಕೊಂಡು ತಿರುಗಬಹುದಿತ್ತು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಬೇರೆಯದೇ ಲೆಕ್ಕ ಶುರುವಾಯಿತು. ಈ ಐದು ವರ್ಷದಲ್ಲಿ ಇಂಥ ಎಷ್ಟು ಕಂಪ್ಯೂಟರ್‌ಗಳನ್ನು ಫಾರ್ಮ್ಯಾಟ್ ಮಾಡಿದ್ದೆ? ಆ ಮನೆಗಳಲ್ಲಿ ಬಾಗಿಲ ಸಂದಿಯಲ್ಲಿ ತಲೆ ತಗ್ಗಿಸಿ ನಿಂತವರು ಯಾರಾದರೂ ಇದ್ದರೇ? ಇದ್ದರು. ನೋಡಿದ್ದೆ. ಕಾಫಿ ಕುಡಿದು ಎದ್ದು ಬಂದಿದ್ದೆ.

ಎಲ್ಲಕ್ಕಿಂತ ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿದ್ದು ಕುಣಿಗಲ್ಲಿನ ಒಂದು ಮನೆ, ಆರು ತಿಂಗಳ ಹಿಂದಿನದು. ಹೊಸದಾಗಿ ಬಂದ ಸೊಸೆ, ಟೈಪಿಂಗ್ ಕಲಿಯಲು ತವರಿನಿಂದ ಕಂಪ್ಯೂಟರ್ ತಂದಿದ್ದವಳು. ಅದೇ ಚಿತ್ರಗಳು, ಅದೇ ಪಟ್ಟಿ. ನಾನು ಎಲ್ಲವನ್ನೂ ಅಳಿಸಿಕೊಟ್ಟ ಮೇಲೆ ಅವಳ ಮಾವ ಅದನ್ನು ಎತ್ತಿಸಿ ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದ್ದನ್ನು ನಾನೇ ನೋಡಿದ್ದೆ. ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು. ನಾನು ಚಪ್ಪಲಿ ಮೆಟ್ಟುತ್ತಿದ್ದೆ.

ಮುಂದಿನ ಭಾನುವಾರ ಕುಣಿಗಲ್ಲಿಗೆ ಹೋದೆ. ಯಾರೂ ಕರೆದಿರಲಿಲ್ಲ. ಅಲ್ಲಿ ಎಣಿಸಲು ಪಟ್ಟಿ ಇರಲಿಲ್ಲ, ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದ್ದೆ. ಉಳಿದದ್ದು ನನ್ನ ಬಾಯಿಮಾತು ಮಾತ್ರ. ನನ್ನನ್ನು ಕಂಡು ಮಾವ ಎದ್ದು ಕೋಣೆಗೆ ಹೋದರು. ಜಗಲಿಯಲ್ಲಿ ನಿಂತೇ ಸೊಸೆಗೆ ಹೇಳಿದೆ. ಆ ಚಿತ್ರಗಳು ತಾವಾಗಿಯೇ ಬರುವಂಥವು, ನೀವು ತರಿಸಿದ್ದೆಂದು ಹೇಳಲು ಯಾವ ಆಧಾರವೂ ಇರಲಿಲ್ಲ, ಅವತ್ತೇ ನಾನಿದನ್ನು ಹೇಳಬೇಕಿತ್ತು, ಹೇಳದೆ ಹೋದದ್ದು ನನ್ನ ತಪ್ಪು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ಎದ್ದು ನಿಂತಳು.

"ಇನ್ನೊಂದ್ಸಲ ಹೇಳಿ ಮೇಡಮ್," ಅಂದಳು. "ಜೋರಾಗ್ ಹೇಳಿ. ಒಳಗಿರೋರಿಗೂ ಕೇಳ್ಲಿ."

ಹೇಳಿದೆ. ಆಮೇಲೆ ಇಪ್ಪತ್ತು ವರ್ಷ ಈ ಕೆಲಸ ಮಾಡಿದೆ, ಹತ್ತಾರು ಮನೆಗಳಲ್ಲಿ ಈ ಮಾತನ್ನು ಹೇಳಬೇಕಾಯಿತು. ಎಲ್ಲ ಕಡೆಯೂ ಒಳಕೋಣೆಯವರಿಗೆ ಕೇಳುವಷ್ಟು ಜೋರಾಗಿಯೇ ಹೇಳಿದ್ದೇನೆ.